ಮಗ್ಗ ನಿಂತ ಮೇಲಿನ ಸಪ್ಪಳ

ಜುಲೈ 8, ಸೋಮವಾರ

ನಾರಾಯಣಪೇಟೆಗೆ ಹೋಗಿ ಬಂದೆವು. ಕಿವಿಯ ಡಾಕ್ಟರ ಹೆಸರು ಪದ್ಮಶ್ರೀ. ನಮ್ಮ ಮಗಳು ನವನೀತಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಅಷ್ಟೇ. ರಾಯಚೂರಿನ ಕನ್ನಡದ ಹುಡುಗಿ, ಆದ್ದರಿಂದ ನನ್ನ ಅರೆಬರೆ ತೆಲುಗಿನ ತಾಪತ್ರಯ ತಪ್ಪಿತು. ಕಿವಿಯೊಳಗೆ ದೀಪ ಹಿಡಿದು ನೋಡಿದಳು, ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದಳು. ಹುಳ ಇಲ್ಲ, ಕೀವು ಇಲ್ಲ. ಹಾಗಾದರೆ ಹೋಳಿ ಹುಣ್ಣಿಮೆಯಿಂದ ಎಡಗಿವಿಯಲ್ಲಿ ಬಿಡದೆ ಕೂಗುತ್ತಿರುವುದು ಏನು ಎಂದು ಕೇಳಿದೆ.

"ಹೊರಗ ಯಾವ ಸಪ್ಪಳಾನೂ ಇಲ್ಲರೀ ಅಮ್ಮಾ. ಕಿವಿಯೊಳಗಿನ ನರ ಸವದಾವು. ಕೇಳಬೇಕಾದ್ದು ಕೇಳದಂಗಾದಾಗ ಮೆದುಳು ತಾನಾಗಿ ಒಂದು ಸಪ್ಪಳ ಹುಟ್ಟಿಸಿಕೊಂಡು ಕೇಳತೈತಿ. ವಯಸ್ಸಿಗೂ ಬರತೈತಿ, ಮಗ್ಗದ ಸದ್ದಿಗೂ ಬರತೈತಿ" ಎಂದಳು.

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ನನ್ನ ಮೆದುಳೂ ಅದೇ ಜಾತಿಯದು.

ಒಂದು ಯಂತ್ರ ಕೊಟ್ಟಿದ್ದಾಳೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಅದರಿಂದ ಒಂದು ವೈರು, ವೈರಿನ ತುದಿಗೆ ಚಿಮುಟಿ. ಕಿವಿಯ ತೂತಿನ ಮುಂದೆ ಬಾಗಿಲಿನ ಹಾಗೆ ಒಂದು ಸಣ್ಣ ಚಿಗುರು ಇರುತ್ತದಲ್ಲ, ಅದಕ್ಕೆ ಅಂಟುನೀರು ಹಚ್ಚಿ ಚಿಮುಟಿ ಸಿಕ್ಕಿಸಬೇಕು. ಸಣ್ಣ ಕರೆಂಟು ಬರುತ್ತದೆ. ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು, ಹನ್ನೆರಡು ವಾರದ ಗಡುವು. ಯಂತ್ರ ಇನ್ನೂ ಪರೀಕ್ಷೆಯಲ್ಲಿದೆಯಂತೆ. ಕೆಲವರಿಗೆ ಸಪ್ಪಳ ಇಳಿಯುತ್ತದೆ, ಕೆಲವರಿಗೆ ಇಲ್ಲ. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರು ಮುಟ್ಟಬಾರದು, ಮುಟ್ಟಿದರೆ ಲೆಕ್ಕ ಕೆಡುತ್ತದೆ ಎಂದು ಎರಡು ಸಲ ಹೇಳಿದಳು. ಸಪ್ಪಳ ಹತ್ತರಲ್ಲಿ ಎಷ್ಟು ಎಂದು ಕೇಳಿದಳು. ಎಂಟು ಎಂದೆ.

ಇವರು ಮೂಲೆಯ ಕುರ್ಚಿಯಲ್ಲಿ ಕುಳಿತು ಡಾಕ್ಟರಮ್ಮನ ಬಾಯನ್ನೇ ನೋಡುತ್ತಿದ್ದರು. ಇವರು ಅಂದರೆ ಶ್ರೀರಾಮುಲು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಅನ್ನುತ್ತಾರೆ, ಬರೆಯಬಾರದು ಎಂದು ಯಾರೂ ಹೇಳಿಲ್ಲ. ಶ್ರೀರಾಮುಲು, ಶ್ರೀರಾಮುಲು. ಕೂಗಿದರೇ ತಿರುಗಿ ನೋಡುವ ಮನುಷ್ಯ ಅಲ್ಲ, ಬರೆದರೆ ನೋಡುತ್ತಾರೆಯೇ. ಬಸ್ಸಿನಲ್ಲಿ ಮಕ್ತಲ ದಾಟಿ ನಮ್ಮೂರು ಗದ್ವಾಲ ಬರುವ ತನಕ ಒಂದು ಮಾತಿಲ್ಲ.

ಜುಲೈ 9, ಮಂಗಳವಾರ

ಮಗ್ಗ ಬಿಡಬಹುದಾ ಎಂದು ಡಾಕ್ಟರಮ್ಮ ಕೇಳಿದ್ದಳು. ಅದು ತಲೆಯಲ್ಲಿ ಕೊರೆಯುತ್ತಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ನಮ್ಮ ಸೀರೆಗೆ ಹತ್ತಿಯ ಒಡಲು, ರೇಷ್ಮೆಯ ಅಂಚು. ಮೂರು ಲಾಳಿ ಆಡಬೇಕು, ಒಬ್ಬರ ಕೈಗೆ ಆಗದ ಮಾತು. ಇವರು ಎಡಕ್ಕೆ, ನಾನು ಬಲಕ್ಕೆ. ಇವರ ಲಾಳಿಯ ಎಳೆ ಒಡಲು ದಾಟಿ ಬಂದು ನನ್ನ ಲಾಳಿಯ ಎಳೆಗೆ ಕೊಂಡಿ ಹಾಕಿಕೊಳ್ಳಬೇಕು. ನಾನು ಎದ್ದರೆ ಮಗ್ಗ ನಿಂತ ಹಾಗೆ.

ಮಗ್ಗ ಆಡುವಾಗ ನನ್ನ ಕಿವಿಯ ಸಪ್ಪಳ ಅದರಲ್ಲೇ ಮುಳುಗಿರುತ್ತದೆ. ಕಷ್ಟ ಶುರುವಾಗುವುದು ಮಗ್ಗ ನಿಂತ ಮೇಲೆ. ಈ ಮನೆಯ ಗಂಡಸರದು ಒಂದು ಪದ್ಧತಿ. ಸಂಜೆ ಮಗ್ಗ ನಿಲ್ಲಿಸಿ, ಮರದ ಮೇಲೆ ಅಂಗೈ ಇಟ್ಟು, ಮಾತಾಡದೆ ಕೂಡುತ್ತಾರೆ. ನಾನು ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಹೇಳಿದ್ದರು, "ಮಗ್ಗ ನಿಂತಮ್ಯಾಲ ಗಂಡಸರನ್ನ ಮಾತಾಡಸಬಾರದವ್ವ." ಎಷ್ಟು ಹೊತ್ತು ಎಂದು ಹೇಳಲಿಲ್ಲ. ಮಾವ ಒಂದು ಎಲೆ ಅಡಿಕೆ ಹಾಕುವಷ್ಟು ಹೊತ್ತು ಕೂತು ಎದ್ದುಬಿಡುತ್ತಿದ್ದರು, ಆಮೇಲೆ ಊರೆಲ್ಲ ಮಾತು. ಇವರದು ಮೂವತ್ತು ವರ್ಷವಾದರೂ ಮುಗಿದಿಲ್ಲ. ಸುಮ್ಮನೆ ಉಣ್ಣುತ್ತಾರೆ, ಸುಮ್ಮನೆ ಕಟ್ಟೆಗೆ ಹೋಗಿ ಕೂಡುತ್ತಾರೆ. ಮನೆ ಗಪ್ಪಾಗುತ್ತದೆ, ನನ್ನ ಕಿವಿ ಎದ್ದು ಕೂಡುತ್ತದೆ.

ಮಕ್ತಲದಲ್ಲಿ ನವನೀತಳ ಮನೆಯಲ್ಲಾದರೆ ಬೆಳಿಗ್ಗೆ ಎದ್ದಾಗಿನಿಂದ ಮಾತು. ಒಂದು ಕೋಣೆ ಖಾಲಿ ಇದೆ, ಬಾ ಅವ್ವಾ ಎಂದು ಮಗಳು ಕರೆಯುತ್ತಲೇ ಇದ್ದಾಳೆ. ದಸರೆಯ ತನಕ ನೋಡುತ್ತೇನೆ. ಅಷ್ಟರಲ್ಲಿ ಯಂತ್ರದ ಗಡುವೂ ಮುಗಿಯುತ್ತದೆ. ಸಪ್ಪಳ ಇಳಿಯದಿದ್ದರೆ ಮಗ್ಗ ಇಳಿದು ಮಗಳ ಮನೆಗೆ ಹೋಗುತ್ತೇನೆ. ಇವರು ತಮ್ಮ ಮಗ್ಗದ ಜೋಡಿ ಸುಮ್ಮನೆ ಕೂಡಲಿ. ನವನೀತಳಿಗೆ ಫೋನಿನಲ್ಲಿ ಹೇಳಿಯೂ ಬಿಟ್ಟೆ.

ಜುಲೈ 11, ಗುರುವಾರ

ಯಂತ್ರ ಹಾಕಿಕೊಳ್ಳುವಾಗ ಆ ಕಿವಿಯಲ್ಲಿ ಬಂಗಾರ ಇರಬಾರದು. ಓಲೆ ಬಿಚ್ಚಿಟ್ಟೆ. ಪಕ್ಕದ ಮನೆಯ ಸುಗುಣಮ್ಮ ಅದೇ ಹೊತ್ತಿಗೆ ಮೊಸರಿನ ಹೆಪ್ಪಿಗೆ ಬಂದು, ಬಾಗಿಲಲ್ಲೇ ನಿಂತು ಎದೆ ಮುಟ್ಟಿಕೊಂಡಳು.

"ಏನಕ್ಕಾ ಇದು, ಗಂಡ ಎದುರಿಗೆ ಗಟ್ಟಿಮುಟ್ಟ ಕುಂತಾನ, ಕಿವಿ ಬೋಳು ಮಾಡ್ಕೊಂಡೀಯಲ್ಲ."

"ಅರ್ಧಾ ತಾಸು ಬೋಳಿದ್ರ ಅವರಿಗೇನೂ ಆಗಂಗಿಲ್ಲ ಬಿಡು" ಎಂದೆ. ಅವಳು ಬಿಡಲಿಲ್ಲ. ಹಿತ್ತಲಿಗೆ ಹೋಗಿ ಬೇವಿನ ಕಡ್ಡಿ ಮುರಿದು ತಂದು ತೂತಿಗೆ ಸಿಕ್ಕಿಸಿದಳು, ಚಿಕ್ಕಂದಿನಲ್ಲಿ ಕಿವಿ ಚುಚ್ಚಿದಾಗ ಹಾಕುತ್ತಿದ್ದರಲ್ಲ ಹಾಗೆ. ಮೇಲೆ ಕರೆಂಟು, ಕೆಳಗೆ ಬೇವಿನ ಕಡ್ಡಿ. ಕನ್ನಡಿಯಲ್ಲಿ ನೋಡಿಕೊಂಡು ನನಗೇ ನಗು ಬಂತು.

ಇರುವೆ ಹರಿದ ಹಾಗೆ ಆಯಿತು, ಅಷ್ಟೇ. ಅರ್ಧ ತಾಸು ಇವರೂ ಕೆಲಸವಿಲ್ಲದೆ ಎದುರಿಗೆ ಕೂತರು. ನನ್ನ ಕಿವಿಯನ್ನು ಅಷ್ಟು ಹೊತ್ತು ನೋಡಿದ್ದು ಮದುವೆಯಾದ ಮೇಲೆ ಇದೇ ಮೊದಲಿರಬೇಕು.

ಜುಲೈ 19, ಶುಕ್ರವಾರ

ಎಂಟು. ಬರೆಯಲು ಏನೂ ಇಲ್ಲ.

ಜುಲೈ 24, ಬುಧವಾರ

ಕೊಂಡಿ ತಪ್ಪಿತು. ಮಗ್ಗದ ಸದ್ದು ತಡೆಯಲೆಂದು ಡಾಕ್ಟರಮ್ಮ ಕೊಟ್ಟ ಬಿರಡೆಗಳನ್ನು ಕಿವಿಗೆ ಹಾಕಿಕೊಂಡು ಕೂತರೆ ಮಗ್ಗದ ತುಳಿಮಣೆಯ ಮೇಲೆ ಇವರ ಕಾಲಿನ ಒತ್ತು ಬಿದ್ದ ಸದ್ದು ತಿಳಿಯುವುದಿಲ್ಲ, ತೆಗೆದು ಕೂತರೆ ಸಂಜೆಗೆ ಕಿವಿಯ ಕೂಗು ಏರುತ್ತದೆ. ಅಂಚು ಒಡಲು ಕೂಡುವಲ್ಲಿ ಎರಡು ಬೆರಳಷ್ಟು ಉದ್ದ ಕಿಂಡಿ. ನೆಲ್ಲಿಕಾಯಿ ಬಣ್ಣದ ಸೀರೆ, ಎಷ್ಟು ಚಂದ ಬರುತ್ತಿತ್ತು. ಇವರು ಒಂದೂ ಮಾತಾಡದೆ ಅಷ್ಟನ್ನೂ ಬಿಚ್ಚಿದರು. ಬೈದಿದ್ದರೆ ಒಳ್ಳೆಯದಿತ್ತು. ಬೈಗುಳಕ್ಕೆ ಉತ್ತರ ಕೊಡಬಹುದು.

ಆಗಸ್ಟ್ 4, ರವಿವಾರ

ಅಮಾವಾಸ್ಯೆ. ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗ ಆಡುವುದಿಲ್ಲ. ಇಡೀ ದಿನ ಮನೆ ಗಪ್ಪು, ಇಡೀ ದಿನ ಕಿವಿ ಕೂಗು. ಒಂಬತ್ತು ಎಂದರೂ ಸುಳ್ಳಲ್ಲ. ಅಕ್ಕಿ ಆರಿಸುತ್ತ ಕೂತಿದ್ದೆ, ಇವರು ಬಂದು ಹೊಸ್ತಿಲ ಮೇಲೆ ಕೂತರು.

"ಅದು ಹೆಂಗ ಕೇಳತೈತಿ ನಿನಗ?"

ಯಾವುದು ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಜೀರುಂಡೆ ಕೂಗಿದ ಹಾಗೆ ಎಂದೆ.

"ಒಂದಽ ಸಮ? ಏರಿ ಇಳಿದು ಮಾಡತೈತೇನು?"

"ಒಂದಽ ಸಮ."

ತಲೆಯಾಡಿಸಿ ಎದ್ದುಹೋದರು. ಈ ವಿಚಾರಣೆ ಯಾಕೆ ಎಂದು ತಿಳಿಯಲಿಲ್ಲ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅನುಮಾನವಿದ್ದರೆ ನೇರ ಕೇಳಲಿ.

ಆಗಸ್ಟ್ 13, ಮಂಗಳವಾರ

ಅಂಟುನೀರಿನ ಬಾಟಲಿ ಖಾಲಿ. ಗಡುವು ಮುಗಿಯುವ ತನಕ ಬರುತ್ತದೆ ಎಂದು ಹೇಳಿ ಕೊಟ್ಟಿದ್ದರು. ನಾನು ಜಾಸ್ತಿ ಬಳಿದುಕೊಳ್ಳುತ್ತೇನೋ ಏನೋ. ಫೋನು ಮಾಡಿದರೆ ಡಾಕ್ಟರಮ್ಮ ನಕ್ಕು, "ಸಾಸಿವಿ ಕಾಳಿನಷ್ಟು ಸಾಕರೀ ಅಮ್ಮಾ, ಹೋಳಿಗಿಗೆ ತುಪ್ಪ ಹಚ್ಚಿದಂಗ ಹಚ್ಚಬ್ಯಾಡರೀ" ಎಂದಳು. ಇನ್ನೊಂದು ಬಾಟಲಿಯನ್ನು ನವನೀತಳ ಕೈಗೆ ಕಳಿಸುತ್ತಾಳಂತೆ. ಸಾಸಿವೆ ಕಾಳಿನಷ್ಟೇ ಹಚ್ಚುತ್ತಿದ್ದೆ ಎಂದು ನನ್ನ ನೆನಪು.

ಯಂತ್ರದ ಚಾರ್ಜೂ ಬೇಗ ಇಳಿಯುತ್ತಿದೆ. ಹೊಸದು ಅಂದರೆ ಹೀಗೇ.

ಆಗಸ್ಟ್ 21, ಬುಧವಾರ

ಇವರ ವಿಚಾರಣೆ ಈಗ ದಿನದ ರೂಢಿಯಾಗಿದೆ. ಬೆಳಿಗ್ಗೆ ನಾನು ಚಿಮುಟಿ ಸಿಕ್ಕಿಸಿಕೊಂಡು ಕೂತ ಕೂಡಲೇ ಎದುರಿಗೆ ಬಂದು ಕೂಡುತ್ತಾರೆ. ನಿನ್ನೆಗಿಂತ ಹೆಂಗೈತಿ. ಮಲಗಿದಾಗ ಜಾಸ್ತಿಯೋ ಎದ್ದಾಗ ಜಾಸ್ತಿಯೋ. ಹಲ್ಲು ಕಚ್ಚಿದರೆ ದನಿ ಬದಲಾಗತೈತೇನು. ಹಲ್ಲು ಕಚ್ಚಿ ನೋಡಿದೆ, ನಿಜವಾಗಿಯೂ ಬದಲಾಗುತ್ತದೆ.

"ನಿಮಗ ಹೆಂಗ ಗೊತ್ತು ಇದು?"

"ಸುಮ್ನ ಕೇಳಿದೆ."

ಇವತ್ತು ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ಕೆ.ಟಿ. ದೊಡ್ಡಿಯ ಹತ್ತಿರ ನನ್ನ ತವರಿನ ಹೊಲದಲ್ಲಿ ನೀರೆತ್ತುವ ಹಳೆಯ ಎಣ್ಣೆ ಎಂಜಿನ್ ಇತ್ತು. ಅದು ಶುರುವಾದರೆ ಅಪ್ಪ ಕರೆದದ್ದು ಕೇಳಿಸುತ್ತಿರಲಿಲ್ಲ, ಕೇಳದವಳ ಹಾಗೆ ನಟಿಸಲು ನನಗೆ ಅದೇ ನೆಪ. ಅದನ್ನು ಹೇಳಿದೆ. ಇವರು ನಕ್ಕರು. ಹಲ್ಲು ಕಾಣುವ ಹಾಗೆ ನಕ್ಕರು, ಎಡಗಡೆಯ ಒಂದು ಹಲ್ಲು ಬಿದ್ದಿರುವುದನ್ನು ನಾನು ನೋಡಿಯೇ ಇರಲಿಲ್ಲ. ಯಾವಾಗ ಬಿತ್ತು ಎಂದು ಕೇಳಿದೆ. ಹೋದ ವರ್ಷ ಕಡಲೆ ತಿನ್ನುವಾಗ ಬಿತ್ತಂತೆ. ಹೇಳಬೇಕಲ್ಲ ಎಂದೆ. ಹಲ್ಲು ಬಿದ್ದರೆ ಊರಿಗೆ ಡಂಗುರ ಸಾರಲೇನು ಎಂದರು. ಯಂತ್ರ ತಾನೇ ನಿಂತು ಎಷ್ಟೋ ಹೊತ್ತಾಗಿತ್ತು, ಚಿಮುಟಿ ಕಿವಿಯಲ್ಲೇ ಇತ್ತು. ಮಗ್ಗಕ್ಕೆ ಕೂತಾಗ ಬಿಸಿಲು ಅಂಗಳಕ್ಕೆ ಬಂದಿತ್ತು.

ಆದರೂ ಸಂಜೆ ಅದೇ ಗಪ್ಪು. ಬೆಳಗಿನ ಮಾತಿಗೆ ಸಂಜೆ ತೆರಿಗೆ ಕಟ್ಟಬೇಕು ಅನ್ನುವ ಹಾಗೆ.

ಸೆಪ್ಟೆಂಬರ್ 3, ಮಂಗಳವಾರ

ಸುಗುಣಮ್ಮನಿಗೂ ಅವಳ ಸೊಸೆಗೂ ಮಿಕ್ಸಿಯ ಸಲುವಾಗಿ ಜಗಳ. ಇಬ್ಬರೂ ಬೇರೆ ಬೇರೆ ಬಂದು ನನ್ನ ಮುಂದೆ ಫಿರ್ಯಾದಿ ಕೊಟ್ಟರು. ಇಬ್ಬರಿಗೂ ನೀನೇ ಸರಿ ಎಂದೆ. ಇವರಿಗೆ ಹೇಳಿದಾಗ, "ನೀ ಗದ್ವಾಲ ಕೋರ್ಟಿನ್ಯಾಗ ಇರಬೇಕಾಗಿತ್ತು" ಎಂದರು. ನೆಲ್ಲಿಕಾಯಿ ಬಣ್ಣದ ಸೀರೆ ಮುಗಿಯಿತು, ಸೆರಗು ಚೆನ್ನಾಗಿ ಬಂದಿದೆ.

ಸೆಪ್ಟೆಂಬರ್ 12, ಗುರುವಾರ

ನವನೀತ ಫೋನು ಮಾಡಿದ್ದಳು. ಕೋಣೆಗೆ ಸುಣ್ಣ ಬಳಿಸಿದ್ದಾಳಂತೆ. "ತಿಂಗಳ ಕೊನಿಗೆ ಯಂತ್ರ ಕೊಡಾಕ ನಾರಾಯಣಪ್ಯಾಟಿಗೆ ಹೋಗತೀಯಲ್ಲವ್ವ, ಬರುವಾಗ ಮಕ್ತಲದಾಗ ಇಳಿದುಬಿಡು. ಮತ್ಯಾಕ ಗದ್ವಾಲಕ್ಕ ಹೋಗಿ ಬರತಿ" ಎಂದಳು. ಮಾತು ಸರಿಯೇ.

ಇವರಿಗೆ ಹೇಳಿದೆ. ಲಾಳಿಗೆ ನೂಲು ಸುತ್ತಿದ ಕಂಡಿಕೆ ಹಾಕುತ್ತಿದ್ದರು, ಕೈ ನಿಂತಿತು. ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಇರು ಎಂದು ಒಂದು ಸಲ ಅನ್ನಲು ಇವರಿಗೆ ಏನು ಖರ್ಚು. ಬೇಸರವಾಗಿದೆ, ಅದನ್ನು ಬರೆದಿಡುತ್ತೇನೆ.

ಸೆಪ್ಟೆಂಬರ್ 24, ಮಂಗಳವಾರ

ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಊಟವಾದ ಮೇಲೆ ಸುಗುಣಮ್ಮನ ಮನೆಗೆ ಶೇಂಗಾ ಒಡೆಯಲು ಹೋಗಿದ್ದೆ. ಅವಳಿಗೆ ತಲೆನೋವು ಬಂತು, ಬೇಗ ಬಂದೆ. ಇವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕಣ್ಣು ಮುಚ್ಚಿ ಕೂತಿದ್ದರು. ಕಿವಿಗೆ ನನ್ನ ಯಂತ್ರ.

ನಾನು ಬಂದದ್ದು ತಿಳಿಯಲೇ ಇಲ್ಲ. ಎದುರಿಗೆ ಹೋಗಿ ನಿಂತ ಮೇಲೆ ಕಣ್ಣು ತೆರೆದರು. ಚಿಮುಟಿ ಕೀಳಲು ಹೋಗಿ ವೈರು ಹಿಡಿದು ಎಳೆದರು, ಕಿವಿ ಕೆಂಪಾಯಿತು.

"ಇದೇನ್ರೀ?"

"ನನಗೂ ಐತಿ."

"ಏನೈತಿ?"

"ನಿನಗಿರೋದು."

"ಎಂದಿನಿಂದ?"

"ಮದುವಿಗಿಂತ ಮೊದಲಿನಿಂದ."

ನಾನು ಅಲ್ಲೇ ಕುಣಿಯ ಅಂಚಿಗೆ ಕೂತೆ. ಇವರು ಯಂತ್ರವನ್ನು ಅಂಗೈಯಲ್ಲಿ ಹಿಡಿದುಕೊಂಡು ಹೇಳಿದರು. ಇವರು ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿಲ್ಲ, ಆದ್ದರಿಂದ ಕೇಳಿದ ಹಾಗೇ ಬರೆಯುತ್ತೇನೆ.

"ಅಪ್ಪ ಮಗ್ಗ ಕಲಸುವಾಗ ಹೇಳಿದ್ದ. ಮಗ್ಗ ನಿಂತಮ್ಯಾಲೂ ಅದರ ಸಪ್ಪಳ ಒಂದಿಷ್ಟು ಹೊತ್ತು ಕಿವ್ಯಾಗ ಉಳೀತೈತಿ, ಅದು ಪೂರಾ ಇಳಿಯೋತನಕ ಬಾಯಿ ತೆಗೀಬ್ಯಾಡ, ಮಗ್ಗಕ್ಕ ಕೊಡೋ ಮರ್ಯಾದಿ ಅದು ಅಂತ. ಅಪ್ಪಂದು ಇಳೀತಿತ್ತು, ಎದ್ದು ಹೋಗತಿದ್ದ. ನಂದು ಇಳೀಲಿಲ್ಲ. ಇವತ್ತು ಇಳಿದೀತು, ನಾಳಿ ಇಳಿದೀತು ಅಂತ ಕುಂತೆ. ಎಲ್ಲಾರಿಗೂ ಇರತೈತಿ, ನನಗಽ ತಾಳ್ಮಿ ಸಾಲದು ಅನ್ಕೊಂಡೆ. ಆಮ್ಯಾಲ ರೂಢಿ ಆತು. ಆ ಡಾಕ್ಟರಮ್ಮ ಹೊರಗ ಸಪ್ಪಳಾನಽ ಇಲ್ಲ ಅಂದಳಲ್ಲ, ಅವತ್ತು ತಿಳೀತು, ಇದು ಮಗ್ಗದ್ದಲ್ಲ, ಕಿವೀದು ಅಂತ."

ಮೊದಲು ಸಿಟ್ಟು ಬಂತು. ಅಂಟುನೀರಿನ ಬಾಟಲಿ ಖಾಲಿ ಮಾಡಿ ನನ್ನನ್ನು ಡಾಕ್ಟರಮ್ಮನ ಬಾಯಿಗೆ ಕೊಟ್ಟರಲ್ಲ ಎಂದು. ಸಿಟ್ಟು ಮುಗಿಯುವ ಮೊದಲೇ ಅಳು ಬಂತು. ಮೂವತ್ತು ವರ್ಷದ ಸಂಜೆಗಳು. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿಬಿಟ್ಟೆ.

"ನಾ ನಿಮಗ ಸೇರಂಗಿಲ್ಲ ಅಂತ ತಿಳಿದಿದ್ದೆ."

ಇವರು ನನ್ನ ಮುಖ ನೋಡಿದರು.

"ಯಾರ ಹೇಳಿದರು ಹಂಗಂತ?"

"ಯಾರೂ ಏನೂ ಹೇಳಲಿಲ್ಲ. ಅದಕ್ಕಽ."

ಸೆಪ್ಟೆಂಬರ್ 28, ಶನಿವಾರ

ಆ ದಿನದ ಮೇಲೆ ಇವರು ಮತ್ತೆ ಗಪ್ಪಾಗಿದ್ದಾರೆ. ಕಳ್ಳತನ ಸಿಕ್ಕಿಬಿದ್ದ ನಾಚಿಕೆ ಇರಬೇಕು. ಯಂತ್ರವನ್ನು ಮುಟ್ಟುತ್ತಿಲ್ಲ. ನೀವೂ ಹಾಕಿಕೊಳ್ಳಿರಿ, ಕೆಟ್ಟ ಲೆಕ್ಕ ಕೆಟ್ಟೇ ಹೋಯಿತು ಎಂದೆ. ಬೇಡ ಎಂದು ಕೈಯಾಡಿಸಿದರು.

ಚೀಲಕ್ಕೆ ನಾಲ್ಕು ಸೀರೆ ಹಾಕಿದೆ. ಹೊರಡುವುದು ಸೋಮವಾರ. ಚೀಲ ಕಟ್ಟುವುದನ್ನು ನೋಡಿದರು. ನನಗೂ ಹಟ. ಅವರಿಗೆ ಕಿವಿಯ ರೋಗ ಇದೆ ಎಂದು ತಿಳಿದ ಮಾತ್ರಕ್ಕೆ ನಾನೇ ಮೇಲೆ ಬಿದ್ದು ಇರುತ್ತೇನೆ ಅನ್ನಲೇ.

ಸೆಪ್ಟೆಂಬರ್ 30, ಸೋಮವಾರ

ಡಾಕ್ಟರಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆವು. ಹಣೆ ಒತ್ತಿಕೊಂಡಳು. ನನ್ನ ಲೆಕ್ಕ ಪರೀಕ್ಷೆಗೆ ಬರುವುದಿಲ್ಲವಂತೆ, ಯಂತ್ರ ವಾಪಸು. ಹೆಚ್ಚು ಬೈಯಲಿಲ್ಲ. ಇವರನ್ನು ಗಾಜಿನ ಕೋಣೆಗೆ ಕರೆದೊಯ್ದು ಪರೀಕ್ಷೆ ಮಾಡಿದಳು. ಕಿವಿ ಬಹಳ ಸವೆದಿದೆ, ಕೇಳುವ ಯಂತ್ರ ಹಾಕಿದರೆ ಒಳಗಿನ ಸಪ್ಪಳವೂ ತುಸು ಹಿಂದೆ ಸರಿದೀತು ಎಂದಳು. ಕರೆಂಟಿನ ಯಂತ್ರ ಮತ್ತೆ ಬಂದಾಗ ಇವರನ್ನೂ ಕರೆಯುತ್ತಾಳೆ. ಇವರಿಗೆ ಹತ್ತರಲ್ಲಿ ಎಷ್ಟು ಎಂದು ಕೇಳಿದಳು. ಒಂಬತ್ತು ಎಂದರು, ಬಸ್ಸಿನ ನಂಬರು ಹೇಳಿದ ಹಾಗೆ.

ಆಮೇಲೆ ನನ್ನ ಕಡೆ ತಿರುಗಿದಳು. ಎಂಟು ಎನ್ನಲು ಬಾಯಿ ತೆರೆದೆ. ಹುಡುಕಿ ನೋಡಿದೆ, ಅಲ್ಲೇ ಇತ್ತು, ಜೀರುಂಡೆ.

"ಐತಿ. ಆದರ ಇವತ್ತು ನೀವು ಕೇಳೋತನಕ ಅದರ ಕಡಿ ಲಕ್ಷ್ಯಽ ಇರಲಿಲ್ಲರೀ" ಎಂದೆ. ಲೆಕ್ಕಕ್ಕೆ ಬರದಿದ್ದರೂ ಅವಳು ಅದನ್ನು ಬರೆದುಕೊಂಡಳು. ಯಂತ್ರದಿಂದಲೋ ಬೇರೆ ಯಾವುದರಿಂದಲೋ ಈಗ ಹೇಳಲು ಬಾರದು ಎಂದು ತನಗೇ ಹೇಳಿಕೊಂಡಳು.

ಮಕ್ತಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ನವನೀತ ಸ್ಕೂಟಿ ತರುವುದಿತ್ತು. ಅಷ್ಟರಲ್ಲಿ ಗದ್ವಾಲದ ಬಸ್ಸು ಬಂತು. ಕಂಡಕ್ಟರ್ "ಗದ್ವಾಲ್, ಗದ್ವಾಲ್, ಎಕ್ಕಂಡಿ" ಎಂದು ತೆಲುಗಿನಲ್ಲಿ ಜನರನ್ನು ಹತ್ತಲು ಕೂಗುತ್ತಿದ್ದ. ನಾನು ಇವರ ಕೈಯಲ್ಲಿದ್ದ ನನ್ನ ಚೀಲಕ್ಕೆ ಕೈ ಚಾಚಿದೆ. ಇವರು ಕೊಡಲಿಲ್ಲ.

"ಈಗೂ ಐತಿ ಅದು. ಇದ್ದರ ಇರಲಿ. ಇಳಿಯೋತನಕ ನಾ ಇನ್ನ ಕಾಯಂಗಿಲ್ಲ. ನೀ ಬಾ, ಮನಿಗೆ ಹೋಗೂನು."

ಎದೆ ತುಂಬಿತು, ಆದರೂ ನಾಲಿಗೆ ನನ್ನದು ತಾನೆ.

"ಬಲಗಡಿ ಲಾಳಿಗೆ ಆಳು ಬೇಕಂತ ಕರೀತೀರೇನು?"

"ಲಾಳಿಗೆ ಯಾರರೆ ಸಿಗತಾರ. ಮಾತಾಡಾಕ ನೀ ಬೇಕು."

ಗಟ್ಟಿಯಾಗಿ ಹೇಳಿದರು, ಇವರಿಗೆ ತಮ್ಮ ದನಿ ಎಷ್ಟು ಎಂದು ತಿಳಿಯುವುದಿಲ್ಲ. ಬಸ್ ಸ್ಟ್ಯಾಂಡಿನ ಹೂವಿನವಳು ತಿರುಗಿ ನೋಡಿದಳು. ನಾನು ಬಸ್ಸು ಹತ್ತಿದೆ. ನವನೀತಳಿಗೆ ಸೀಟಿನಿಂದಲೇ ಫೋನು ಮಾಡಿದೆ. ಸುಣ್ಣ ಬಳಿಸಿದ ಸಿಟ್ಟಿನಲ್ಲಿ ನಾಲ್ಕು ಮಾತು ಆಡಿದಳು, ಆಡಲಿ.

ಅಕ್ಟೋಬರ್ 1, ಮಂಗಳವಾರ

ನಿನ್ನೆ ಮಕ್ತಲದಿಂದ ಗದ್ವಾಲದ ತನಕ ಇವರು ಬಾಯಿ ಮುಚ್ಚ​ಲಿಲ್ಲ. ಬೆಳಿಗ್ಗೆಯೂ ಅದೇ. ಕಾಲು ತಾಸಿಗೊಮ್ಮೆ ಮಗ್ಗ ನಿಲ್ಲಿಸಿ ಏನೋ ಒಂದು ನೆನಪಾಯಿತು ಎನ್ನುತ್ತಾರೆ. ಹೀಗಾದರೆ ಈ ಸೀರೆ ಸಂಕ್ರಾಂತಿಗೂ ಮುಗಿಯುವುದಿಲ್ಲ. ಕಿವಿಗೆ ಬಿರಡೆ ಹಾಕಿಕೊಂಡೇ ಕೂತಿದ್ದೇನೆ. ಕಾಲಿನ ಒತ್ತು ತಿಳಿಯದಾಗ ಇವರು ಗಲ್ಲ ಎತ್ತಿ ಸನ್ನೆ ಮಾಡುತ್ತಾರೆ, ಕೊಂಡಿ ತಪ್ಪುತ್ತಿಲ್ಲ.

ಸಂಜೆ ಮಗ್ಗ ನಿಲ್ಲಿಸಿ ಕೈಕಾಲು ತೊಳೆದು ಊಟಕ್ಕೆ ಕೂತರು. ಎಣ್ಣೆಗಾಯಿ ಬಡಿಸಿದೆ. ತಟ್ಟೆ ನೋಡಿದರು, ನನ್ನನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

"ಒಂದು ಮಾತು ಹೇಳಲೇನು? ಬದನಿಕಾಯಿ ನನಗ ಸೇರಂಗಿಲ್ಲ."

ಮೂವತ್ತು ವರ್ಷ, ವಾರಕ್ಕೆ ಎರಡು ಸಲ ಬಡಿಸಿದ್ದೇನೆ. ತಟ್ಟೆಯಲ್ಲಿ ಒಂದು ತೊಟ್ಟೂ ಬಿಟ್ಟವರಲ್ಲ. ಸೇರುತ್ತದೆ ಎಂದುಕೊಂಡೇ ಎಳೆಯದನ್ನು ಆರಿಸಿ ತರುತ್ತಿದ್ದೆ. ನಗುವುದೋ ಅಳುವುದೋ ತಿಳಿಯದೆ ಸೌಟು ಹಿಡಿದು ನಿಂತೆ. ಆಮೇಲೆ ತಟ್ಟೆ ಎಳೆದುಕೊಂಡು ಪಲ್ಯವನ್ನು ನನ್ನ ತಟ್ಟೆಗೆ ಹಾಕಿಕೊಂಡು, ಇವರಿಗೆ ಮೊಸರು ಬಡಿಸಿದೆ. ಮತ್ತೇನು ಸೇರುತ್ತದೆ ಎಂದು ಕೇಳಿದೆ.

ಯೋಚನೆ ಮಾಡಿ ಹೇಳುತ್ತೇನೆ, ಇಲ್ಲಿಯ ತನಕ ಯಾರೂ ಕೇಳಿರಲಿಲ್ಲ ಎಂದಿದ್ದಾರೆ.